ಪತ್ರೊಡೆ ಕೊಯ್ದಂಗೆ ಕೊಯ್ಯ ಹೂವು

ಗಿಟಾರು ಎಲ್ಲರೂ ನೋಡಿದ್ದ. ಅದರ ಹೊಟ್ಟೇಲಿ ಒಂದು ದುಂಡನೆ ತೂತು ಇರ್ತು, ತೂತಿನ ಸುತ್ತ ಬಳೆ ಹಂಗೆ ಒಂದು ಚಿತ್ತಾರ ಇರ್ತು. ಟೀವಿಲಿ ಹಾಡಿನ ಸ್ಪರ್ಧೆ ನೋಡಕಾರೆ ಅದು ಬಣ್ಣ ಬಳಿದಿದ್ದು ಹೇಳಿಯೇ ಸುಮಾರು ಜನ ತಿಳ್ಕಂಡಿದ್ದ. ಅಗ್ಗದ ಗಿಟಾರಿಗೆ ಅದು ಖರೆಗೂ ಸ್ಟಿಕರ್ರೇಯ. ಆದ್ರೆ ಕೈಯಲ್ಲಿ ಮಾಡ ಗಿಟಾರಿಗೆ ಅದು ಮರ. ಗಸಗಸೆ ಕಾಳಿನಷ್ಟು ಸಣ್ಣ ಸಣ್ಣ ಮರದ ಚೂರು, ಬೇರೆ ಬೇರೆ ಬಣ್ಣದ್ದು, ಸಾವಿರಗಟ್ಲೆ ಕೂಡ್ಸಿ ಮಾಡಿದ ಹೂವಿನ ಹಾರ. ಅದಕ್ಕೆ ರೋಸೆಟ್ ಹೇಳಿ ಹೆಸರು. ಸ್ಪೇನ್ ದೇಶದವು ತೂತಿಗೆ 'ಬೋಕಾ' ಹೇಳ್ತ, ಹೇಳಿದ್ರೆ ಬಾಯಿ. ಬಾಯಿಗೆ ಒಂದು ಒಡವೆ ಹಾಕ್ದಂಗೆ ಆತು.

ಈ ಸಲ ಇದರ ಕತೆ ಬರೀತಿ. ಎಂತಕ್ಕೆ ಹೇಳಿದ್ರೆ ನಂಗಳ ನೆಂಟರ ಪೈಕಿಯೇ ಒಂದು ಕೂಸು ಇಂಜಿನಿಯರಿಂಗ್ ಮುಗ್ಸಿ, ಬೆಂಗಳೂರಿನ ಕೆಲ್ಸ ಬಿಟ್ಟು, ಮರದ ಚಿತ್ತಾರ ಕಲಿತಿ ಹೇಳಿ ಹೊಂಟಿದ್ದು. ಅದರ ಹೆಸರು ಬರೆತ್ನಿಲ್ಲೆ, ಗೊತ್ತಿದ್ದವಕ್ಕೆ ಗೊತ್ತಿದ್ದು. ಮದ್ವೆ ಮನೆ ಪಂಕ್ತೀಲಿ ಕೂತ್ಕಂಡು 'ಬಡಗಿ ಕೆಲ್ಸಕ್ಕೆ ಇಷ್ಟು ಓದಿಸವನ' ಹೇಳಿ ಆಡ್ಕಂಡಿದ್ದು ಯನ್ನ ಕಿವಿಗೂ ಬಿದ್ದಿದ್ದು. ಆಡ್ಕಂಬದು ಆಡ್ಕಳಿ, ಆದ್ರೆ ಆ ಕೆಲ್ಸ ಎಂತದು ಹೇಳಿ ತಿಳ್ಕಂಡು ಆಡ್ಕಳಿ.

ಮೊದಲು ಮಾಡ ಕ್ರಮ ಹೇಳ್ತಿ. ಕ್ರಾಸ್ ಸ್ಟಿಚ್ ಹಾಕಿ ಗೊತ್ತಿದ್ದವಕ್ಕೆ ಅರ್ಧ ಕೆಲ್ಸ ಈಗ್ಲೇ ಗೊತ್ತಿದ್ದು. ಚೌಕಳಿ ಹಾಳೆ ಮೇಲೆ ಹೂವನ್ನ ಚೌಕ ಚೌಕವಾಗಿ ತುಂಬದು: ಇಲ್ಲಿ ಕಪ್ಪು, ಇಲ್ಲಿ ಬಿಳಿ, ನಡೂಗೆ ಕೆಂಪು. ಒಂದು ಚೌಕ ಹೇಳಿದ್ರೆ ಒಂದು ಮರದ ಎಳೆ. ಹದಿಮೂರು ಸಾಲು ಅಡ್ಡ, ಒಂಬತ್ತು ಸಾಲು ಉದ್ದ ಹೇಳಿ ಇಟ್ಕಂಡ್ರೆ ಒಂದು ಹೂವಿಗೆ 117 ಚೌಕ. ಈಗ ಕಾಗದದಷ್ಟು ತೆಳೂ ಮರದ ಹಾಳೆ ತಗಳವು, ಅರ್ಧ ಮಿಲಿಮೀಟರಿಗಿಂತ ಚೂರು ದಪ್ಪ. ಹೂವಿನ ಮೊದಲ್ನೇ ಸಾಲಲ್ಲಿ ಯಾವ ಬಣ್ಣದ ಮೇಲೆ ಯಾವ ಬಣ್ಣ ಇದ್ದ, ಅದೇ ಕ್ರಮದಲ್ಲಿ ಹಾಳೆ ಒಂದರ ಮೇಲೆ ಒಂದು ಅಂಟಿಸವು. ಒಣಗಿದ ಮೇಲೆ ಅದ್ನ ಉದ್ದುದ್ದಕ್ಕೆ ಸೀಳಿದ್ರೆ ಒಂದೊಂದು ಸೀಳಲ್ಲೂ ಆ ಸಾಲು ಇರ್ತು. ಎರಡ್ನೇ ಸಾಲಿಗೆ ಮತ್ತೊಂದು ಕಟ್ಟು, ಮೂರ್ನೇದಕ್ಕೆ ಮತ್ತೊಂದು. ಹಿಂಗೆ ಹದಿಮೂರು ಸಾಲಿನ ಸೀಳು ತಯಾರಾದ ಮೇಲೆ ಅವನ್ನ ಪಕ್ಕ ಪಕ್ಕ ಇಟ್ಟು ಅಂಟಿಸಿ ಒತ್ತಿ ಕಟ್ಟಿದ್ರೆ ಒಂದು ಕೋಲು ಆಗ್ತು. ಹೊರಗಿಂದ ನೋಡಿದ್ರೆ ಎಂತದೂ ಚಂದಿಲ್ಲೆ, ಪಟ್ಟೆ ಪಟ್ಟೆ ಕಟ್ಟಿಗೆ ತುಂಡು. ಅದರ ತುದಿ ನೋಡವು. ತುದೀಲಿ ಹೂವು ಕೂತಿರ್ತು.

ಇನ್ನು ಮುಂದೆ ಪತ್ರೊಡೆ. ಕೆಸಿನ ಎಲೆಗೆ ಹಿಟ್ಟು ಸವರಿ, ಎಲೆ ಮೇಲೆ ಎಲೆ ಇಟ್ಟು, ಸುರುಳಿ ಸುತ್ತಿ ಬೇಯಿಸಿದ ಮೇಲೆ ಅಡ್ಡಕ್ಕೆ ಕೊಯ್ತ್ಯಲ, ಎಲ್ಲಿ ಕೊಯ್ದ್ರೂ ಅದೇ ಸುರುಳಿ ಕಾಣ್ತು. ಈ ಕೋಲೂ ಹಂಗೆಯ. ತೆಳೂ ಗರಗಸದಲ್ಲಿ ಅಡ್ಡಕ್ಕೆ ಕೊಯ್ದ್ರೆ ಬಿಲ್ಲೆ ಬಿಲ್ಲೇಲೂ ಅದೇ ಹೂವು. ಆರು ಇಂಚು ಕೋಲಲ್ಲಿ ಗರಗಸ ತಿಂದಿದ್ದು ಬಿಟ್ಟು ಅರವತ್ತು ಬಿಲ್ಲೆ ಬತ್ತು. ಒಂದು ಗಿಟಾರಿಗೆ ನಲವತ್ತು ಬಿಲ್ಲೆ ಸಾಕು. 117ನ್ನ ನಲವತ್ತರಿಂದ ಗುಣಿಸಿದ್ರೆ 4,680 ಚೂರು. ಒಂದೊಂದು ಚೂರನ್ನೂ ಚಿಮಟದಲ್ಲಿ ಹಿಡಿದು ಅಂಟಿಸಲೆ ಕೂತ್ರೆ ವರ್ಷ ಬೇಕಾಗ್ತಿತ್ತು. ಅದೇ ಕೋಲು ಮಾಡ ಉಪಾಯ ಗೊತ್ತಿದ್ದವಕ್ಕೆ ಕೆಲ್ವು ದಿನದ ಕೆಲ್ಸ.

ಆದ್ರೆ ಇಲ್ಲಿ ಒಂದು ತೊಡಕು ಇದ್ದು. ಬಿಲ್ಲೆ ಚೌಕ, ಕೂರ್ಸದು ವೃತ್ತಕ್ಕೆ. ವೃತ್ತದ ಹೊರಗಿನ ಸುತ್ತು ದೊಡ್ಡದು, ಒಳಗಿನ ಸುತ್ತು ಸಣ್ಣದು. ಚೌಕದ ಬಿಲ್ಲೆ ಹಂಗೇ ಜೋಡ್ಸಿದ್ರೆ ಹೊರಗಡೆ ಸಂದಿ ಬಿಡ್ತು. ಅದಕ್ಕೆ ಕೋಲು ಕಟ್ಟಕಾರೆಯೇ ಒಂದು ಬದಿ ಚೂರು ಕಿರಿದು ಮಾಡಿ, ಹೋಳಿಗೆ ತುಂಡು ಮಾಡ್ದಾಗ ಬಪ್ಪ ಆಕಾರ ಕೊಡವು. ಕಣ್ಣಿಗೆ ಕಾಣದಷ್ಟು ಸಣ್ಣ ಇಳಿಜಾರು. ಈ ಲೆಕ್ಕ ತಪ್ಪಿದ್ರೆ ಹೂವು ಎಷ್ಟು ಚಂದಿದ್ರೂ ಪ್ರಯೋಜನ ಇಲ್ಲೆ.

ಗಿಟಾರಿನ ಮೇಲ್ಹಲಗೆ ಎರಡು, ಎರಡೂವರೆ ಮಿಲಿಮೀಟರ್ ದಪ್ಪ ಇರ್ತು, ಹಪ್ಪಳದ ಮಣೆಗೂ ಅದಕ್ಕಿಂತ ದಪ್ಪ ಹಲಗೆ ಬೇಕು. ಅದರ ಮೇಲೆ ನಡೂಗೆ ಮೊಳೆ ಇಟ್ಟು, ಕೈವಾರದಂಥ ಕತ್ತಿ ತಿರುಗಿಸಿ, ಬಿಲ್ಲೆ ಕೂರಲೆ ಒಂದು ಗಾಡಿ ಹಳಿಯಂಥ ಕಾಲುವೆ ಕೊರಿತ. ಬಿಲ್ಲೆ ಕೂರ್ಸಿ, ಆಚೀಚೆ ಕಪ್ಪು ಬಿಳಿ ಗೆರೆ ಸುತ್ತಿ, ಅಂಟು ಒಣಗಿದ ಮೇಲೆ ಹೆರೆದು ಸಮ ಮಾಡ್ತ. ಆವಾಗ ಬಣ್ಣ ಎದ್ದು ಬತ್ತು. ತೂತನ್ನ ಕೊಯ್ಯದು ಎಲ್ಲಾ ಆದ ಮೇಲೆ, ಮೊದಲೇ ಕೊಯ್ದ್ರೆ ನಡೂಗಿನ ಗುರ್ತೇ ಹೋಗ್ತಲ. ಹಾರದ ಎರಡೂ ತುದಿ ಸೇರ ಜಾಗ ಎಂದೂ ಸರಿಯಾಗಿ ಕೂಡ್ತಿಲ್ಲೆ. ಅದಕ್ಕೆ ಆ ಸೇರಿಕೆನ ತಂತಿ ಒತ್ತ ಪಟ್ಟಿ ಬಪ್ಪ ಜಾಗದ ಕೆಳಗೆ ತಗಂಡು ಹೋಗಿ ಅಡಗಿಸ್ತ. ಸೀರೆ ಫಾಲಿನ ಜೋಡು ನೆರಿಗೆ ಒಳಗೆ ಹೋಪಂಗೆ ನೋಡ್ಕತ್ಯಲ, ಅದೇ ಬುದ್ಧಿ.

ಇದು ಬರೀ ಅಲಂಕಾರನ ಹೇಳಿ ಕೇಳಿದ್ರೆ, ಹೆಚ್ಚಾಗಿ ಅಲಂಕಾರವೇ. ತೂತಿನ ಅಂಚು ಸೀಳು ಬಿಡದ್ದ ಹಂಗೆ ತಡೀತು ಹೇಳಿಯೂ ಹೇಳ್ತ. ಆದ್ರೆ ಅದಕ್ಕೆ ಹಲಗೆ ಒಳಗಡೆ ಬೇರೆ ಪಟ್ಟಿ ಕೊಡ ಪದ್ಧತಿ ಇದ್ದು. ಚಂದಕ್ಕೆ ಮಾಡ್ತ ಹೇಳಿ ಒಪ್ಪಿಕೊಂಬಲೆ ಎಂತಕ್ಕೆ ನಾಚಿಕೆ? ಬಾಗಿಲೆದುರಿಗೆ ರಂಗೋಲಿ ಹಾಕದ್ರಿಂದ ಮನೆ ಗಟ್ಟಿ ಆಗ್ತಿಲ್ಲೆ.

ಹಿಂದಿನ ಕಾಲದ ಗಿಟಾರಿಗೆ ಈ ಹಾರ ಇಷ್ಟು ಮುಖ್ಯ ಇತ್ತಿಲ್ಲೆ. ಆವಾಗ ತೂತಿಗೇ ಜಾಲರಿ ಮುಚ್ತಿದ್ದ. ತೆಳೂ ಚರ್ಮದ ಹಾಳೇಲಿ ಕತ್ತರಿ ಕೆಲ್ಸ ಮಾಡಿ, ಒಂದರ ಕೆಳಗೆ ಒಂದು ಅಂತಸ್ತು ಇಳಿದಂಗೆ ತೂತಿನ ಒಳಗೆ ಇಳಿಬಿಟ್ಟ ಗುಲಾಬಿ. ಅರಬರ ಊದ್, ಯುರೋಪಿನ ಲ್ಯೂಟ್ ಎಲ್ಲದಕ್ಕೂ ಹಿಂಗೇ ಜಾಲರಿ ಹೂವು, ರೋಸೆಟ್ ಹೇಳ ಹೆಸರೇ ಆ ಗುಲಾಬಿಯಿಂದ ಬಂದಿದ್ದು. ಹದಿನೆಂಟ್ನೇ ಶತಮಾನ ಮುಗಿಯ ಹೊತ್ತಿಗೆ ಜಾಲರಿ ಹೋತು, ಬಾಯಿ ತೆರೀತು, ಚಿತ್ತಾರ ಅಂಚಿಗೆ ಬಂತು. ಈಗ ನಾವು ಕಾಂಬ ಗಿಟಾರಿನ ರೂಪ ಬಂದಿದ್ದು ಅಂತೋನಿಯೋ ದೆ ತೋರೆಸ್ ಹೇಳ ಸ್ಪೇನಿನ ಬಡಗಿಯಿಂದ. 1817ರಲ್ಲಿ ಅಲ್ಮೆರಿಯಾದಲ್ಲಿ ಹುಟ್ಟಿದಂವ, 1892ರಲ್ಲಿ ಅಲ್ಲೇ ತೀರ್ಕಂಡ. 1862ರಲ್ಲಿ ಅಂವ ಒಂದು ಗಿಟಾರಿನ ಬೆನ್ನು, ಬದಿ ಎರಡನ್ನೂ ರಟ್ಟಿನಲ್ಲಿ ಮಾಡ್ದ! ಧ್ವನಿ ಬಪ್ಪದು ಮೇಲ್ಹಲಗೆಯಿಂದ ಹೇಳಿ ತೋರ್ಸಲೆ. ನಡೂಗೆ ಹೊಟ್ಟೆಪಾಡಿಗೆ ಗಾಜು, ಪಿಂಗಾಣಿ ಅಂಗಡಿ ಇಟ್ಟಿದ್ದ, ಮತ್ತೆ 1875ರ ಸುಮಾರಿಗೆ ಗಿಟಾರಿಗೆ ತಿರುಗಿ ಬಂದ. ಅಂವನ ಗಿಟಾರಿನ ಹಾರದಲ್ಲಿ ಹೂವಿನ ಚೌಕಳಿ ಇದ್ದು, ಮೀನಿನ ಮುಳ್ಳಿನ ಹೆಣಿಗೆ ಇದ್ದು. ತೂತಿನ ಒಳಗೆ ಇಣುಕಿದ್ರೆ ಅಂವನ ಹೆಸರಿನ ಚೀಟಿ, ಇಸವಿ ಕಾಣ್ತು. ಈ ಚೀಟಿ ವಿಷಯ ನೆನಪಿಟ್ಕಳಿ.

ಫ್ಲಮೆಂಕೋ ಹೇಳದು ಸ್ಪೇನಿನ ದಕ್ಷಿಣದ ಹಾಡು-ಕುಣಿತ, ಕಾಲು ಕುಟ್ಟಿ ಕುಣಿತ. ಅದರ ಗಿಟಾರು ಹಗುರ, ಸೈಪ್ರೆಸ್ ಮರದ್ದು. ನುಡಿಸವ ಬೆರಳಲ್ಲಿ ಹಲಗೆ ಮೇಲೆ ತಾಳ ಬಡಿತ, ಅದಕ್ಕೆ ತೂತಿನ ಪಕ್ಕ ಒಂದು ತೆಳೂ ಹಾಳೆ ಅಂಟಿಸಿರ್ತ. ಅದರ ಹಾರ ಸಾಮಾನ್ಯಕ್ಕೆ ಸರಳ.

ಹಂಗಾರೆ ಕೋಲು ಕಟ್ಟಿ ಕೊಯ್ಯ ವಿದ್ಯೆ ಸ್ಪೇನಿನದ್ದೊಂದೇನ? ಅಲ್ಲ. ಇರಾನಿನ ಶಿರಾಜಿನಲ್ಲಿ ಖಾತಮ್ ಹೇಳಿ ಇದ್ದು: ಮರ, ಎಲುಬು, ಹಿತ್ತಾಳೆ ತಂತಿ ಸಣ್ಣ ಸಣ್ಣ ಕಡ್ಡಿ ಮಾಡಿ ಕಟ್ಟಿ ಅಂಟಿಸಿ, ಅಡ್ಡಕ್ಕೆ ಕೊಯ್ದು ಡಬ್ಬಿ ಮೇಲೆ ಹಚ್ಚದು. ಅದೇ ವಿದ್ಯೆ ಸಿಂಧ್ ಬದಿಯಿಂದ ಸೂರತ್ತಿಗೆ, ಮುಂಬಯಿಗೆ ಬಂತು ಹೇಳ್ತ. ಅಲ್ಲಿ ಅದಕ್ಕೆ ಸದೇಲಿ ಹೇಳಿ ಹೆಸರು. ಹತ್ತೊಂಬತ್ತನೇ ಶತಮಾನದಲ್ಲಿ 'ಬಾಂಬೆ ಬಾಕ್ಸ್' ಹೇಳಿ ಇಂಗ್ಲಿಷರು ಊರಿಗೆ ಹೊತ್ಕಂಡು ಹೋದ ಪೆಟ್ಟಿಗೆ ಮೇಲೆ ಇದ್ದಿದ್ದು ಇದೇ ನಕ್ಷತ್ರದ ಹೂವು. ಆ ಪೆಟ್ಟಿಗೆಗಳಲ್ಲಿ ಸದೇಲಿ ಪಟ್ಟಿಯ ನಡೂಗೆ ಕೆತ್ತನೆ ಮಾಡಿದ ಗಂಧದ ಹಲಗೆಯೂ ಇರ್ತಿತ್ತು.

ಗಂಧದ ಕೆತ್ತನೆ ಹೇಳಿದ ಕೂಡ್ಲೆ ಮನೆ ಬಾಗಿಲಿಗೇ ಬಂದಂಗೆ ಆತು. ನಂಗಳ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿತು. 1883ರ ಕೆನರಾ ಗ್ಯಾಝೆಟಿಯರಿನಲ್ಲಿ ಗುಡಿಗಾರರ ವಿಷಯ ಬರೆದಿಟ್ಟಿದ್ದ. ಶಿರಸಿ, ಸಿದ್ದಾಪುರ, ಕುಮಟಾ, ಹೊನ್ನಾವರ, ಘಟ್ಟದ ಮೇಲೆ ಸಾಗರ, ಸೊರಬ: ಎಲ್ಲಾ ಕಡೆ ಗುಡಿಗಾರ್ರ ಮನೆ ಇದ್ದು. ಗಂಧದ ಪೆಟ್ಟಿಗೆ, ತೇರಿನ ಕೆತ್ತನೆ, ದೇವರ ಮೂರ್ತಿ, ಮತ್ತೆ ನಂಗಕ್ಕೆಲ್ಲಾ ಗೊತ್ತಿಪ್ಪ ಬಾಸಿಂಗ. ಬೆಂಡನ್ನ ಕಾಗದದಂಗೆ ಸುಲಿದು, ಬಿಲ್ಲೆ ಕತ್ತರಿಸಿ, ಎಸಳಿಗೆ ಎಸಳು ಕೂಡ್ಸಿ ಮಾಡಿದ ಆ ಹೂವನ್ನ ಎರಡು ದಿನ ಹಣೆಗೆ ಕಟ್ಕಂಡು, ಆಮೇಲೆ ಅಟ್ಟದ ಮೇಲೆ ಹಾಕಿ, ಇಲಿ ತಿಂಬಲೆ ಬಿಟ್ಟಿದ್ಯ. ಮಾಡಿದವರ ಹೆಸರು ಕೇಳಿದ್ವ ಯಾರಾದ್ರೂ? ತೋರೆಸನ ಗಿಟಾರಿನೊಳಗೆ ಚೀಟಿ ಇದ್ದು, ಬಾಸಿಂಗದ ಹಿಂದೆ ಚೀಟಿ ಇಲ್ಲೆ.

ಶಿರಸಿ ಮಾರಿಕಾಂಬೆ ದೇವಸ್ಥಾನದ ಗೋಡೆ ಕಾವಿ ಚಿತ್ರವನ್ನೂ ಇದೇ ಕಣ್ಣಲ್ಲಿ ನೋಡಕ್ಕು. ಜಾತ್ರೆ ಗದ್ದಲದಲ್ಲಿ ಯಾರೂ ಗೋಡೆ ನೋಡ್ತ್ವಿಲ್ಲೆ, ಬೇರೆ ದಿನ ಹೋಗಿ ನೋಡಿ. ಬಿಳಿ ಸುಣ್ಣದ ಗಾರೆ ಮೇಲೆ ಕೆಮ್ಮಣ್ಣಿನ ಗಾರೆ ತೆಳೂಗೆ ಬಳಿದು, ಹಸಿ ಇಪ್ಪಕಾರೆಯೇ ಚೂಪು ಕಡ್ಡೀಲಿ ಕೆರೆದ್ರೆ ಕೆಳಗಿನ ಬಿಳಿ ಕಾಣ್ತು. ಬಣ್ಣ ಬಳಿದು ಬರೆದ ಚಿತ್ರ ಅಲ್ಲ, ತೆಗೆದು ಬರೆದ ಚಿತ್ರ. ಅಲ್ಲಿ ದೇವರು, ದೇವತೆ ಬಿಟ್ಟು ಕೈವಾರದಲ್ಲಿ ಎಳೆದ ದುಂಡು ಹೂವು ಇರ್ತು ನೋಡಿ, ವೃತ್ತದೊಳಗೆ ಆರೆಸಳು, ಎಸಳಿನ ನಡೂಗೆ ಮತ್ತೆ ಎಸಳು. ಗಿಟಾರಿನ ಹಾರ ಮಾಡವಂಗೂ ಮೊದಲು ಬೇಕಾಗದು ಆ ಕೈವಾರವೇ, ಆ ನಡೂಗಿನ ಮೊಳೆಯೇ. ಸಿದ್ದಾಪುರ, ಸಾಗರದ ಬದಿ ದೀವರ ಹೆಂಗಸ್ರು ಗೋಡೆ ಮೇಲೆ ಬರೆಯ ಹಸೆ ಚಿತ್ತಾರದ್ದು ಮತ್ತೊಂದು ಲೆಕ್ಕ. ಪುಂಡಿ ನಾರಿನ ಕುಂಚ, ಅಕ್ಕಿ ಹಿಟ್ಟಿನ ಬಿಳಿ, ಕೈವಾರ ಇಲ್ಲೆ, ಚೌಕಳಿ ಹಾಳೆ ಇಲ್ಲೆ, ಎಳೆ ಎಣಿಸಿ ಎಣಿಸಿ ಬರಿತ, ಒಂದೂ ಗೆರೆ ಓರೆ ಆಗ್ತಿಲ್ಲೆ. ಹೆಂಗಸ್ರಿಗೆ ಲೆಕ್ಕ ಬತ್ತಿಲ್ಲೆ ಹೇಳವು ಅದ್ನ ಒಂದ್ಸಲ ನೋಡವು.

ಮೈಸೂರಿನ ಇನ್ಲೇ ಕೆಲ್ಸ ಬೇರೆ ಜಾತಿ. ಅಲ್ಲಿ ಕೋಲು ಕಟ್ಟದು ಇಲ್ಲೆ. ಕಾಗದದ ಮೇಲೆ ಚಿತ್ರ ಬರೆದು, ತುಂಡು ತುಂಡಾಗಿ ತೆಳೂ ಗರಗಸದಲ್ಲಿ ಮರ ಕೊಯ್ದು, ಬೀಟೆ ಹಲಗೇಲಿ ಅದೇ ಆಕಾರದ ಗುಳಿ ತೋಡಿ ಕೂರ್ಸದು. ಬಣ್ಣ ಹಚ್ಚದು ಇಲ್ಲೆ, ಮರದ ಸ್ವಂತ ಬಣ್ಣವೇ ಬಣ್ಣ: ಹಳದಿಗೆ ಹಲಸು, ಕೆಂಪಿಗೆ ರಕ್ತಚಂದನ, ಕಪ್ಪಿಗೆ ಕರಿಮರ. ಮೊದಲು ಬಿಳಿಗೆ ಆನೆ ದಂತ. 1897ರಲ್ಲಿ ಹಳೇ ಮರದ ಅರಮನೆ ಸುಟ್ಟು ಹೋಗಿ 1912ರಲ್ಲಿ ಹೊಸ ಅರಮನೆ ಮುಗಿಯ ಹೊತ್ತಿಗೆ ಈ ಕೆಲ್ಸದವಕ್ಕೆ ಕೈತುಂಬಾ ಕೆಲ್ಸ ಇತ್ತು, ಅರಮನೆಯ ದಂತದ ಕುಸುರಿ ಬಾಗಿಲು ಪ್ರವಾಸಕ್ಕೆ ಹೋದವೆಲ್ಲಾ ನೋಡಿದ್ದ.

ವೀಣೆ ಹೊಟ್ಟೆ ಮೇಲೂ ಹೂವು ಇದ್ದು. ಹಲಗೆಯ ಎರಡೂ ಬದಿಗೆ ಪುಟ್ಟ ಪುಟ್ಟ ತೂತಿನ ಗುಂಪು, ಅದರ ಸುತ್ತ ಬಿಳಿ ಬಳೆ. ಗಿಟಾರಿಗೆ ಒಂದು ದೊಡ್ಡ ಬಾಯಿ, ವೀಣೆಗೆ ಎರಡು ಸಣ್ಣ ಕಣ್ಣು. ತಂಜಾವೂರಿನ ವೀಣೆ ಹಲಸಿನ ಮರದ್ದು, ಮೈಸೂರಿನದ್ದಕ್ಕೆ ಬೀಟೆಯನ್ನೂ ಬಳಸ್ತ. ವೀಣೆ ಶೇಷಣ್ಣ ಹೇಳಿದ್ರೆ ಗೊತ್ತಿಲ್ಲದವು ಇಲ್ಲೆ, ಅವರ ಕಾಲದ ವೀಣೆ ಕಣ್ಣಿಗೆ ಬಳೆ ತೊಡಿಸಿದ ಕೈ ಯಾರದ್ದು ಹೇಳಿ ಯಾರಿಗೂ ನೆನಪಿಲ್ಲೆ. ನಂಗಳ ಬದಿ ಹಿಂದೂಸ್ತಾನಿ ಕಲ್ತವರ ಮನೇಲಿ ಇಪ್ಪ ತಂಬೂರಿ ಮಿರಜಿನದ್ದು. ಅಲ್ಲಿ ಕತ್ತಿ ಮಸೆಯ ಶಿಕಲಗಾರ ಮನೆತನದವು 1850ರ ಸುಮಾರಿಗೆ ವಾದ್ಯ ಮಾಡಲೆ ಶುರು ಮಾಡ್ದ. ಫರೀದ್‌ಸಾಹೇಬ್ ಹೇಳವರ ಹೆಸರು ಉಳಿದಿದ್ದು, ಪುಣ್ಯ. 2024ರಲ್ಲಿ ಮಿರಜಿನ ಸಿತಾರ, ತಂಬೂರಿಗೆ ಜಿಐ ಗುರ್ತೂ ಸಿಕ್ಕಿತು. ಆ ತಂಬೂರಿ ಕೊರಳಿನ ಬುಡದಲ್ಲಿ ಇಪ್ಪ ಎಲೆ, ಬಳ್ಳಿ ನೋಡಿದ್ರೆ ಮೊದಲಿನದ್ದು ದಂತ, ಈಗಿನದ್ದು ಪ್ಲಾಸ್ಟಿಕ್ಕು.

ದಂತ ಹೋಗಿದ್ದಕ್ಕೆ ಕೆಲವು ಕಲಾವಿದ್ರು ಬೇಜಾರು ಮಾಡ್ಕತ್ತ. 1972ರ ವನ್ಯಜೀವಿ ಕಾಯ್ದೆ, 1986ರ ತಿದ್ದುಪಡಿ ಬಂದು ನಮ್ಮ ದೇಶದ ದಂತದ ವ್ಯಾಪಾರ ನಿಂತ್ಚು, 1991ರಲ್ಲಿ ಆಫ್ರಿಕಾದಿಂದ ಬಪ್ಪದೂ ನಿಂತ್ಚು. ಯಂಗೆ ಮಾತ್ರ ಬೇಜಾರಿಲ್ಲೆ. ಯಲ್ಲಾಪುರ, ಮುಂಡಗೋಡ ಬದಿ ಭತ್ತದ ಗದ್ದೆಗೆ ಆನೆ ಬಂದಾಗ ಎಷ್ಟೇ ಬೈದ್ರೂ, ಬಳೆಗೋಸ್ಕರ ಅದ್ನ ಕೊಲ್ಲವು ಹೇಳಿ ಯಾರಿಗೂ ಅನಿಸ್ತಿಲ್ಲೆ. ಬಿಳಿ ಬಣ್ಣಕ್ಕೆ ಬಿಳಿ ಮರ ಇದ್ದು, ಎಲುಬು ಇದ್ದು. ಪ್ಲಾಸ್ಟಿಕ್ ಒಂದು ಯಂಗೆ ಹಿಡಿಸ್ತಿಲ್ಲೆ, ಅದು ಬೇರೆ ಮಾತು.

ಬೀಟೆ ವಿಷಯ ಮಾತ್ರ ನಂಗಳ ಮನೆ ವಿಷಯ. ಸ್ಪೇನಿನ ಗಿಟಾರಿನ ಬೆನ್ನಿಗೆ, ಬದಿಗೆ ಮೊದಲು ಬ್ರೆಜಿಲಿನ ರೋಸ್‌ವುಡ್ ಇತ್ತು. ಅಲ್ಲಿ ಮರ ಕಡಿದು ಕಡಿದು ಮುಗೀತಾ ಬಂದು, ಅರವತ್ತರ ದಶಕದ ಕಡೆಗೆ ದಿಮ್ಮಿ ಸಿಗದು ನಿಂತ್ಚು. ಅಮೆರಿಕದ ಮಾರ್ಟಿನ್ ಕಂಪನಿ 1969ರಿಂದ ಭಾರತದ ಬೀಟೆ ಬಳಸಲೆ ಶುರು ಮಾಡ್ಚು, ಉಳಿದವೂ ಮಾಡ್ದ. 1992ರಲ್ಲಿ ಬ್ರೆಜಿಲಿನ ಮರದ ವ್ಯಾಪಾರಕ್ಕೆ ಜಗತ್ತೇ ಬಾಗಿಲು ಹಾಕ್ಚು. 2017ರ ಜನವರಿಯಿಂದ ಬೀಟೆ ಕುಲದ ಎಲ್ಲಾ ಮರಕ್ಕೂ ಪರ್ಮಿಟ್ಟು ಬೇಕು ಹೇಳಿ ಆತು. 2019ರ ಕಡೆಗೆ ತಯಾರಾದ ವಾದ್ಯಕ್ಕೆ ವಿನಾಯಿತಿ ಬಂತು. ನಂಗಳ ಸೊಪ್ಪಿನ ಬೆಟ್ಟದಲ್ಲಿ ಬೀಟೆ ಇದ್ದಲ, ಅದರ ಸೊಪ್ಪು, ದರಕು ತೋಟಕ್ಕೆ, ಮರ ಸರ್ಕಾರದ್ದು. ಹುಟ್ಟಿದಾಗಿಂದ ನೋಡಿದ ಮರ ಗಾಳಿಗೆ ಬಿದ್ರೂ ನಂಬರು ಹೊಡೆದು ಲಾರೀಲಿ ಹೋಗ್ತು. ಹೋದ ಮರದ ಯಾವ ತುಂಡು ಯಾವ ದೇಶದಲ್ಲಿ ಹಾಡ್ತಿದ್ದ, ನಂಗಕ್ಕೆ ಗೊತ್ತಪ್ಪಲೆ ದಾರಿ ಇಲ್ಲೆ. ಕಾಯ್ದೆ ಬ್ಯಾಡ ಹೇಳ್ತ್ನಿಲ್ಲೆ, ಕಾಯ್ದೆ ಇಲ್ದಿದ್ರೆ ಬೆಟ್ಟದಲ್ಲಿ ಒಂದು ಬೀಟೆಯೂ ಉಳೀತಿತ್ತಿಲ್ಲೆ. ಆದ್ರೆ ಮರ ಬೆಳೆಯ ಊರಿನವಕ್ಕೆ ಆ ಮರದ ಕೆಲ್ಸ ಗೊತ್ತಿಲ್ಲದ್ದು, ಸಾವಿರಾರು ಮೈಲಿ ಆಚೆಯವಕ್ಕೆ ಗೊತ್ತಿಪ್ಪದು ಯಂಗೆ ಸರಿ ಕಾಣ್ತಿಲ್ಲೆ.

ಈಗ ಆ ಕೂಸಿನ ವಿಷಯ. ಹೋದ ತಿಂಗಳು ಯಮ್ಮನೆಗೆ ಬಂದಿತ್ತು. ಚೀಲದಿಂದ ಒಂದು ಗೇಣುದ್ದ ಕೋಲು ತೆಗೆದು ಕೊಟ್ಚು. ತುದೀಲಿ ಗೋರಂಟಿ ಹೂವು, ಹಲಸಿನ ಹಳದಿ ಮೇಲೆ ಕೆಂಪು. ಕಪ್ಪು ಎಲ್ಲಿಂದ ತಂದೆ ಹೇಳಿ ಕೇಳ್ದಿ. ಅಡಕೆ ತೊಗರಲ್ಲಿ ಮರದ ಹಾಳೆ ನೆನೆಸಿ, ತುಕ್ಕು ಕಬ್ಬಿಣದ ನೀರಿಗೆ ಅದ್ದಿದ್ದಡ! ಹಸಿ ಅಡಕೆ, ಬಾಳೆಕಾಯಿ ಕೊಯ್ದ ಕತ್ತಿ ಕಪ್ಪಾಗದು ನಂಗಕ್ಕೆಲ್ಲಾ ಗೊತ್ತಿದ್ದು, ಬಟ್ಟೆಗೆ ತೊಗರಿನ ಕಲೆ ಬಿದ್ರೆ ಹೋಗ್ತಿಲ್ಲೆ ಹೇಳಿ ಬೈಸ್ಕಂಡಿದ್ದೂ ಗೊತ್ತಿದ್ದು. ಅದ್ನೇ ಬಣ್ಣ ಮಾಡ್ಕಂಬಲೆ ಬತ್ತು ಹೇಳಿ ಯಾರಿಗೆ ಹೊಳೆದಿತ್ತು! ಅದರ ಆಯಿ ಪಕ್ಕದಲ್ಲೇ ಕೂತ್ಕಂಡು 'ಇದರಿಂದ ಹೊಟ್ಟೆ ತುಂಬ್ತ' ಹೇಳಿ ಕೇಳ್ಚು. ಕೂಸು 'ಗೊತ್ತಿಲ್ಲೆ ಆಯಿ, ಎರಡು ವರ್ಷ ನೋಡ್ತಿ' ಹೇಳ್ಚು. ಆನು ನಡೂಗೆ ಬಾಯಿ ಹಾಕಿದ್ನಿಲ್ಲೆ. ಆಯಿಯ ಚಿಂತೆ ಸುಳ್ಳಲ್ಲ, ಸಾಲ ಮಾಡಿ ಓದಿಸಿದ್ದು. ಆದ್ರೆ ಅದರ ಕೋಲು ಕೈಯಲ್ಲಿ ಹಿಡಿದು ನೋಡಿದ ಮೇಲೆ ಅದ್ನ ಹುಚ್ಚು ಹೇಳಲೆ ಯನ್ನ ಬಾಯಿ ಬತ್ತಿಲ್ಲೆ. ಕೋಲಿನ ಬದಿಗೆ ಸಣ್ಣ ಅಕ್ಷರದಲ್ಲಿ ಅದರ ಹೆಸರು, ಊರು, ಇಸವಿ ಬರ್ಕಂಡಿದ್ದು. ಬರೆದಿದ್ದು ಚೊಲೋ ಆತು ಹೇಳ್ದಿ.

ಅದು ಹೋಪಕಾರೆ ಒಂದು ಕೇಳ್ಕಂಡು ಹೋಯ್ದು, ಅದ್ನ ಇಲ್ಲಿ ಬರೀತಿ. ಸುಮಾರು ಕಡೆ ಹಳೇ ಮನೆ ಬಿಚ್ಚಿ ಆರ್‌ಸಿಸಿ ಕಟ್ತಾ ಇದ್ದ. ಹಳೇ ಬಾಗಿಲ ಪಟ್ಟಿ, ಮುರುದ ಮಂಚದ ಕಾಲು, ಹಲಸಿನ ತೊಲೆ ತುಂಡು, ಬೀಟೆ ಮಣೆ, ಯಾವ್ದೇ ಒಣ ಮರದ ಚೂರು ಇದ್ರೂ ಬಚ್ಚಲೊಲೆಗೆ ಹಾಕಡಿ. ಐವತ್ತು ಅರವತ್ತು ವರ್ಷ ಒಣಗಿದ ಮರ ಹೊಸತಾಗಿ ದುಡ್ಡು ಕೊಟ್ರೂ ಸಿಗ್ತಿಲ್ಲೆ. ಅಂಗೈ ಅಗಲದ ತುಂಡಾದ್ರೂ ಅಡ್ಡಿಲ್ಲೆ. ಗೆದ್ಲು ಹಿಡಿದಿದ್ದು ಬ್ಯಾಡ. ಒಂದು ಗೋಣಿಚೀಲದಲ್ಲಿ ಹಾಕಿ, ಯಾವ ಮರ, ಯಾರ ಮನೇದು ಹೇಳಿ ಚೀಟಿ ಬರೆದಿಟ್ಟು, ಶಿರಸಿ ಪೇಟೆಗೆ ಬಪ್ಪಕಾರೆ ಯಮ್ಮನೇಲಿ ಕೊಟ್ಟು, ಚಾ ಕುಡ್ಕಂಡು ಹೋಗಿ.